ಒಂದು ಪಾಯಿಂಟ್ ಎಂಟು

ಲೋಕನಾಥನ ಸ್ಟುಡಿಯೋದ ಗಾಜಿನ ಬಾಗಿಲನ್ನು ಯತಿನ್ ಎಷ್ಟು ಜೋರಾಗಿ ಎಳೆದು ಹೊರಬಿದ್ದನೆಂದರೆ, ಮುಂಬೈ ಪಕ್ಕದ ಠಾಣೆ ಊರಿನ ನೌಪಾಡಾದ ಆ ಗಲ್ಲಿಯಲ್ಲಿ ವಡಾಪಾವ್ ತಿನ್ನುತ್ತಿದ್ದವರೆಲ್ಲ ಒಮ್ಮೆ ತಲೆ ಎತ್ತಿ ನೋಡಿದರು. ಬಾಗಿಲು ಒಡೆಯಲಿಲ್ಲ. ಒಡೆದಿದ್ದರೆ ಚೆನ್ನಾಗಿತ್ತು ಎಂದು ರೈಲ್ವೆ ಸ್ಟೇಷನ್ ಮುಟ್ಟುವವರೆಗೂ ಅವನಿಗೆ ಅನಿಸುತ್ತಲೇ ಇತ್ತು.

ತಪ್ಪು ಅವನದಾಗಿರಲಿಲ್ಲ. ಮದುವೆಯ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿ, ಬೇಡದ್ದನ್ನು ಕತ್ತರಿಸಿ, ಹಾಡು ಸೇರಿಸಿ ಡಿವಿಡಿ ಮಾಡುವುದಕ್ಕೆ ಆ ಧಂದೆಯಲ್ಲಿ ಮಿಕ್ಸಿಂಗ್ ಎನ್ನುತ್ತಾರೆ. ಲೋಕನಾಥನ ಮಶಿನ್ ಮಿಕ್ಸಿಂಗಿನ ನಡುವೆ ಇದ್ದಕ್ಕಿದ್ದಂತೆ ಕಲ್ಲಾಗಿ ನಿಂತುಬಿಡುತ್ತಿತ್ತು. ಕಲ್ಲಾಗದ ದಿನ ಇನ್ನೊಂದು ರೋಗ: ಚಿತ್ರ ಮುಂದೆ, ಸದ್ದು ಹಿಂದೆ. ಮದುಮಗಳ ಕೈಗೆ ಧಾರೆಯ ನೀರು ಬಿದ್ದು, ಅವಳು ಕೈ ಒರೆಸಿಕೊಳ್ಳುವ ಹೊತ್ತಿಗೆ ವಾದ್ಯದವರು ಊದಲು ಶುರು ಮಾಡುತ್ತಿದ್ದರು. ಅಂದು ಗಿರಾಕಿಯೊಬ್ಬ ಡಿವಿಡಿಯನ್ನು ಮೇಜಿನ ಮೇಲೆ ಎಸೆದಾಗ ಲೋಕನಾಥ ಅವನ ಎದುರಿಗೇ ಯತಿನನ ಕಡೆ ಬೆರಳು ಮಾಡಿದ.

"ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನ ಕೈಗೆ ಮಶಿನ್ ಕೊಟ್ಟದ್ದು ನನ್ನ ತಪ್ಪು. ನಾಳೆಯಿಂದ ನೀನು ಲೈಟ್ ಹಿಡಿ, ಸಾಕು."

"ಮಶಿನೇ ಸರಿ ಇಲ್ಲ ಲೋಕಣ್ಣ."

"ಮೂರು ಪಾಯಿಂಟ್ ಆರು ಗಿಗಾ ಅದು. ಇಡೀ ಠಾಣೆಯಲ್ಲಿ ಬೇರೆ ಯಾರ ಹತ್ತಿರ ಉಂಟು ಹೇಳು. ಮಶಿನ್ ಸರಿ ಇಲ್ಲವಂತೆ ಇವನಿಗೆ."

ಪ್ರೊಸೆಸರಿನ ವೇಗ ಹೇಳುವ ಆ 3.6 ಎಂಬ ಅಂಕಿಯನ್ನು ಲೋಕನಾಥ ಕೆಂಪು ರೇಡಿಯಂ ಅಕ್ಷರದಲ್ಲಿ ಬಾಗಿಲ ಮೇಲೆ ಅಂಟಿಸಿದ್ದ. 'ಮದುವೆ, ನಾಮಕರಣ, ಸತ್ಯನಾರಾಯಣ ಪೂಜೆ' ಎಂಬುದರ ಕೆಳಗೆ, ದೇವರ ಮೊಬೈಲ್ ನಂಬರಿನ ಹಾಗೆ. ಯತಿನ್ ಎಳೆದದ್ದು ಅದೇ ಬಾಗಿಲು.

ಆ ಸಿಟ್ಟು ಆರುವ ಮೊದಲೇ ಸೋನಾಲಿಯ ನಿಶ್ಚಿತಾರ್ಥ ಬಂತು. ಸೋನಾಲಿ ಅವನ ಸೋದರಮಾವ ಜಯಶೀಲನ ಮಗಳು. ಡೊಂಬಿವಲಿ ಪೂರ್ವದಲ್ಲಿ ಸ್ಟೇಷನ್ನಿಗೆ ತಾಗಿಕೊಂಡು ಜಯಶೀಲ ಮಾವನ ಹೋಟೆಲು. ಹುಡುಗನ ಕಡೆಯವರು ಕಲ್ಯಾಣದವರು. ಮದುವೆಯ ದಿನ ಬೆಳಗಿನ ಧಾರೆ ಡೊಂಬಿವಲಿಯ ಹಾಲ್‌ನಲ್ಲಿ, ಸಂಜೆಯ ರಿಸೆಪ್ಷನ್ ಮಾತ್ರ ವಾಶಿಯಲ್ಲಿ. ಅದು ಅಜ್ಜಿಗಾಗಿ. ಸೊಂಟ ಮುರಿದುಕೊಂಡ ಅಜ್ಜಿ ವಾಶಿಯಲ್ಲಿ ಕಿರಿಮಗನ ಮನೆಯ ಮಂಚ ಬಿಟ್ಟರೆ ಗಾಲಿಕುರ್ಚಿ, ಗಾಲಿಕುರ್ಚಿ ಬಿಟ್ಟರೆ ಮಂಚ ಎಂಬಂತಿದ್ದಳು. ಅವಳನ್ನು ಡೊಂಬಿವಲಿಗೆ ತಂದು ಹಾಲ್‌ನ ಮೆಟ್ಟಿಲು ಹತ್ತಿಸುವ ಮಾತೇ ಇರಲಿಲ್ಲ.

"ಮೊಮ್ಮಗಳ ಧಾರೆ ನೋಡಲಿಕ್ಕೆ ನನ್ನ ಹಣೆಯಲ್ಲಿ ಬರೆದಿಲ್ಲ" ಎಂದು ಅಜ್ಜಿ ಫೋನಿನಲ್ಲಿ ಹೇಳಿದ್ದನ್ನು ಜಯಶೀಲ ಮಾವ ನಿಶ್ಚಿತಾರ್ಥದ ಊಟದ ನಡುವೆ ಎತ್ತಿದ. ವಿಡಿಯೋದ ಗುತ್ತಿಗೆ ಲೋಕನಾಥನದು. "ಲೋಕು, ಬೆಳಗಿನ ಧಾರೆಯನ್ನು ಸಂಜೆ ಹಾಲ್‌ನಲ್ಲಿ ಪರದೆ ಮೇಲೆ ತೋರಿಸಲಿಕ್ಕೆ ಆಗ್ತದಾ?"

"ಮಿಕ್ಸಿಂಗ್ ಅಂದರೆ ನೀರ್ದೋಸೆಯಾ ಅಣ್ಣ, ಹೊಯ್ದು ಎಬ್ಬಿಸಲಿಕ್ಕೆ? ವಾರ ಬೇಕು."

ಶರಬತ್ತಿನ ಟ್ರೇ ಹಿಡಿದು ಹಿಂದೆ ನಿಂತಿದ್ದ ಯತಿನನ ಬಾಯಿಂದ ಮಾತು ತಾನಾಗಿಯೇ ಹೊರಟಿತು. "ನಾನು ತೋರಿಸ್ತೇನೆ."

ಲೋಕನಾಥ ತಿರುಗಿ ನೋಡಿದ. "ಯಾವುದರಲ್ಲಿ? ನಿನ್ನ ಅಮ್ಮನ ಮಿಕ್ಸಿಯಲ್ಲಾ?"

ಪಂಕ್ತಿಯೆಲ್ಲ ನಕ್ಕಿತು. ಯತಿನನ ಕಿವಿ ಕಾದು ಕೆಂಪಾಯಿತು. "ನನ್ನದೇ ಮಶಿನಲ್ಲಿ. ನಾನೇ ಜೋಡಿಸಿದ್ದರಲ್ಲಿ."

"ಆಗಲಿ ಮಾರಾಯ. ಇಷ್ಟು ಜನರ ಎದುರು ಹೇಳ್ತಾ ಇದ್ದೇನೆ. ತೋರಿಸಿದೆ ಅಂತಾದರೆ ನನ್ನ ಸ್ಟುಡಿಯೋದ ಮಿಕ್ಸಿಂಗ್ ಎಲ್ಲ ನಿನ್ನ ಮನೆಗೆ ತಂದು ಕೊಡ್ತೇನೆ. ಆಗದಿದ್ದರೆ ಬಾಯಿ ಮುಚ್ಚಿ ನನ್ನ ಲೈಟ್ ಹೊರಬೇಕು. ನಾನು ಸಾಕು ಅನ್ನುವವರೆಗೆ."

"ಆಗಲಿ."

ಸೋನಾಲಿ ಮಾತ್ರ ನಗಲಿಲ್ಲ. ಹತ್ತಿರ ಬಂದು ಮೆಲ್ಲಗೆ ಕೇಳಿದಳು. "ಯತಿನ್, ಪಕ್ಕಾ ನಾ? ದಾದಿ ಕೋ ಮೈನೇ ಅಭೀ ಫೋನ್ ಪೇ ಬೋಲ್ ದಿಯಾ." ಅಜ್ಜಿಗೆ ಸುದ್ದಿ ಮುಟ್ಟಿಯಾಗಿತ್ತು. ಇನ್ನು ಹಿಂದೆ ಸರಿಯುವ ದಾರಿ ಇರಲಿಲ್ಲ.

ಮನೆಗೆ ಬಂದು ಅವನ ತಾಯಿ ಅಕ್ಕು ತಲೆ ತಲೆ ಚಚ್ಚಿಕೊಂಡಳು. "ಎಲುಬಿಲ್ಲದ ನಾಲಿಗೆ ನಿನ್ನದು. ಅಪ್ಪನದ್ದೂ ಇದೇ ಆಗಿತ್ತು." ಎಷ್ಟು ಬೈದರೂ ಮರುವಾರ ತನ್ನ ಚೀಟಿಯ ಹಣವನ್ನು ಎತ್ತಿ ಅವನ ಕೈಗಿಟ್ಟವಳೂ ಅವಳೇ.

ಯತಿನ್ ನೆಟ್ಟಗೆ ಉಲ್ಹಾಸನಗರಕ್ಕೆ ಹೋದ. ಅಲ್ಲಿ ಮಾನಪ್ಪನ ಅಂಗಡಿ. ಬಾಗಲಕೋಟೆ ಕಡೆಯಿಂದ ಚಿಕ್ಕಂದಿನಲ್ಲೇ ಬಂದವನು, ಮೊದಲು ರೇಡಿಯೋ, ಆಮೇಲೆ ಇನ್ವರ್ಟರ್, ಈಗ ಕಂಪ್ಯೂಟರಿನ ಬಿಡಿಭಾಗ. ಅಂಗಡಿಯ ತುಂಬ ಫ್ಯಾನು, ಕೇಬಲ್ಲು, ಬಾಯಿ ತೆರೆದ ಡಬ್ಬಗಳು.

"ಮಾನಪ್ಪ ಕಾಕಾ, ಮೂರು ಪಾಯಿಂಟ್ ಆರಕ್ಕಿಂತ ದೊಡ್ಡದು ಬೇಕು."

"ದೊಡ್ಡದು ಅಂದ್ರ ಏನಪಾ? ಟ್ರಂಕಾ?"

"ಪ್ರೊಸೆಸರ್."

"ಅದು ಆಮ್ಯಾಲ. ಮೊದ್ಲ ಬೋರ್ಡಿನ ಮಾತಾಡು. ಬೋರ್ಡಿನ ಮ್ಯಾಲಿನ ಚಿಪ್‌ಸೆಟ್ ಯಾವ್ದು ಬೇಕು?"

"ಯಾವುದಾದರೂ ಸಸ್ತಾದ್ದು ಹಾಕಿ. ಪ್ರೊಸೆಸರ್ ಜೋರಿದ್ದರೆ ಆಯ್ತಲ್ಲ."

ಮಾನಪ್ಪ ಎಲೆ ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸಾಗಿಸಿದ. "ನಿಮ್ಮ ಮಂದಿ ಹೋಟ್ಲದವ್ರಲ್ಲೇನು? ಹಂಗಾದ್ರ ಹೇಳು. ನಿಮ್ಮ ಮಾವನ ಹೋಟ್ಲದಾಗ ಭಟ್ರು ಎಷ್ಟರ ಜೋರು ದ್ವಾಸಿ ಹಾಕ್ಲಿ, ಸಪ್ಲಾಯರ್ ಗುಗ್ಗು ಇದ್ರ ಟೇಬಲ್ಲಿಗೆ ಏನ್ ಬರ್ತೈತಿ?"

"ಏನೂ ಬರುವುದಿಲ್ಲ."

"ಬರ್ತೈತಿ. ಯಾಕ ಬರೂದಿಲ್ಲ? ಚಟ್ನಿ ಒಂದು ಟೇಬಲ್ಲಿಗೆ ಬರ್ತೈತಿ, ದ್ವಾಸಿ ಇನ್ನೊಂದಕ್ಕ. ಅದೂ ತಣ್ಣಗಾಗಿ. ಪ್ರೊಸೆಸರ್ ಅಂದ್ರ ಭಟ್ರು. ಚಿಪ್‌ಸೆಟ್ ಅಂದ್ರ ಸಪ್ಲಾಯರ್. ಕ್ಯಾಮೆರಾದಿಂದ ಬರೂದು, ಡಿಸ್ಕಿಗೆ ಹೋಗೂದು, ಎಲ್ಲಾ ಅವನ ಕೈಯಾಗ."

ಚಟ್ನಿ ಒಂದು ಟೇಬಲ್ಲಿಗೆ, ದೋಸೆ ಇನ್ನೊಂದಕ್ಕೆ. ಚಿತ್ರ ಮುಂದೆ, ಸದ್ದು ಹಿಂದೆ. ಯತಿನನ ತಲೆಯಲ್ಲಿ ಏನೋ ಟಕ್ ಎಂದು ಕೂತಿತು. ಲೋಕನಾಥ ಬಾಗಿಲಿಗೆ ಅಂಟಿಸಿದ್ದು ಭಟ್ಟರ ಹೆಸರನ್ನು. ಸಪ್ಲಾಯರ್ ಯಾರೆಂದು ಅವನು ಯಾವತ್ತೂ ಕೇಳಿಯೇ ಇರಲಿಲ್ಲ.

ಮಾನಪ್ಪ ಒಂದು ಡಬ್ಬ ಇಳಿಸಿದ. "965 ಚಿಪ್‌ಸೆಟ್. ಕ್ಯಾಸೆಟ್ ಇಳಿಸೂ ಮಂದಿ ಇದನ್ನ ಒಯ್ದವ್ರು ತಿರುಗಿ ಜಗಳಕ್ಕ ಬಂದಿಲ್ಲ. ಅದ್ರ ಮ್ಯಾಲ ಇದು ಕೂರ್ತೈತಿ." ಇನ್ನೊಂದು ಸಣ್ಣ ಡಬ್ಬವನ್ನು ಮುಂದೆ ತಳ್ಳಿದ. ಅದರ ಬದಿಯಲ್ಲಿ ಬರೆದದ್ದನ್ನು ಓದಿ ಯತಿನನ ಹುಬ್ಬು ಗಂಟಾಯಿತು. 1.8.

"ಇದು ಅರ್ಧ."

"ಅಂಕಿ ಅರ್ಧ. ಒಳಗ ಇಬ್ಬರು ಭಟ್ರದಾರ. ಹೊಸ ನಮೂನಿ. ಬೆವರೂದಿಲ್ಲ, ಕರೆಂಟ್ ಕುಡಿಯೂದಿಲ್ಲ. ಡೊಂಬಿವಲಿಯಾಗ ಲೈಟ್ ಹೋಗೂದಿಲ್ಲೇನು?"

"ಹೋಗ್ತದೆ. ಮನೆಯಲ್ಲಿ ಇನ್ವರ್ಟರ್ ಉಂಟು. ಮಾವನ ಹೋಟೆಲಿನ ಹಳೇದು."

"ಅದ್ರ ಮ್ಯಾಲ ನಿಮ್ಮವ್ವ ಮಿಕ್ಸಿ ಹಚ್ಚಿ ನೋಡ್ಯಾಳೇನು?"

ಮತ್ತೆ ಅದೇ ಮಿಕ್ಸಿ. ಯತಿನನ ನೆತ್ತಿಗೇರಿತು. "ಎಲ್ಲರಿಗೂ ನನ್ನ ಅಮ್ಮನ ಮಿಕ್ಸಿಯೇ ಸಿಕ್ಕಿದ್ದಾ? ಒಂದು ಪಾಯಿಂಟ್ ಎಂಟು ಅಂದರೆ ಲೋಕಣ್ಣ ನಗ್ತಾನೆ. ಊರೆಲ್ಲ ನಗ್ತದೆ."

"ನಗೂದಕ್ಕ ಹೆದರಿ ಮಶಿನ್ ತಗೊಂಡ್ರ ಆ ಮಶಿನ್ನೂ ನಗ್ತೈತಿ, ತಮ್ಮಾ."

ಯತಿನ್ ಹೊರಟುಬಿಟ್ಟ. ಅದೇ ಬೀದಿಯಲ್ಲಿ ಬೇರೆ ಅಂಗಡಿಗಳೆಷ್ಟೋ. ಎಲ್ಲಿ ಕೇಳಿದರೂ ದೊಡ್ಡ ಅಂಕಿ ಸಿದ್ಧವಿತ್ತು. "ಇಸ್ಸೇ ಬಡಾ ನಹೀ ಮಿಲೇಗಾ ಭಾಯ್" ಎಂದು ಬೆನ್ನು ತಟ್ಟುವವರೂ ಸಿಕ್ಕಿದರು. ಏನು ಕೆಲಸಕ್ಕೆ, ಎಲ್ಲಿ ಇಡುತ್ತೀ ಎಂದು ಒಬ್ಬನೂ ಕೇಳಲಿಲ್ಲ. ಒಂದು ಕಡೆ ಎಲ್ಲ ಒಪ್ಪಿ, ನಾಳೆ ಬಂದು ಒಯ್ಯುತ್ತೇನೆಂದು ಮಾತು ಕೊಟ್ಟು ರೈಲು ಹತ್ತಿದ.

ಮನೆ ಮುಟ್ಟಿದಾಗ ಲೋಡ್ ಶೆಡ್ಡಿಂಗ್. ಆ ಬೇಸಿಗೆಯಲ್ಲಿ, ಅಂದರೆ 2007ರಲ್ಲಿ, ಡೊಂಬಿವಲಿಯವರಿಗೆ ಕರೆಂಟು ದೂರದ ನೆಂಟನಿದ್ದ ಹಾಗೆ; ಬಂದರೆ ಆಶ್ಚರ್ಯ, ಹೋದರೆ ರೂಢಿ. ಇನ್ವರ್ಟರಿನ ಮೇಲೆ ಒಂದು ಟ್ಯೂಬ್‌ಲೈಟು, ಒಂದು ಫ್ಯಾನು ಓಡುತ್ತಿದ್ದವು. ಯತಿನ್ ಚಪ್ಪಲಿ ಕಳಚುತ್ತಿದ್ದ. ಒಳಗೆ ಅಕ್ಕು ಯಾವುದೋ ಯೋಚನೆಯಲ್ಲಿ ಚಟ್ನಿಗೆಂದು ಮಿಕ್ಸಿಯ ಗುಂಡಿ ತಿರುಗಿಸಿದಳು.

ಇನ್ವರ್ಟರ್ ಬಾಲ ತುಳಿಸಿಕೊಂಡ ಬೆಕ್ಕಿನ ಹಾಗೆ ಕಿರುಚಿತು. ಲೈಟು ಹೋಯಿತು, ಫ್ಯಾನು ನಿಂತಿತು.

"ಅಯ್ಯೋ, ಮರೆತೇ ಹೋಯಿತು ಮಾರಾಯ" ಎಂದಳು ಅಕ್ಕು ಕತ್ತಲೆಯಿಂದ. "ಜೋರಿನದ್ದನ್ನು ಇದು ಹೊರುವುದಿಲ್ಲ. ಸಣ್ಣ ಸಣ್ಣದು ಎಷ್ಟು ಬೇಕಾದರೂ ಹೊರ್ತದೆ."

ಯತಿನ್ ಒಂದು ಕಾಲಲ್ಲಿ ಚಪ್ಪಲಿ ಇಟ್ಟುಕೊಂಡೇ ಹೊಸ್ತಿಲ ಮೇಲೆ ಕುಳಿತ. ದಿನವಿಡೀ ಎಲ್ಲರ ಮೇಲೂ ಉರಿದುಕೊಂಡಿದ್ದ ಸಿಟ್ಟು ಈಗ ಮೊದಲ ಬಾರಿಗೆ ಸರಿಯಾದ ವಿಳಾಸಕ್ಕೆ ಬಂದು ಬಾಗಿಲು ಬಡಿಯಿತು. ಲೋಕನಾಥನನ್ನು ಮೂರ್ಖ ಎಂದು ಬೈಯುತ್ತ ಅವನು ಲೋಕನಾಥನ ಮಶಿನನ್ನೇ ಕೊಳ್ಳಲು ಹೊರಟಿದ್ದ.

ಮರುದಿನ ಮಾನಪ್ಪ ತಲೆ ಎತ್ತಲೂ ಇಲ್ಲ. "ಬಂದ್ಯಾ? ಮಿಕ್ಸಿ ಹಚ್ಚಿದ್ರೇನು?"

"ಹಚ್ಚಿದ್ರು. ಆ ಒಂದು ಪಾಯಿಂಟ್ ಎಂಟನ್ನೇ ಕೊಡಿ ಕಾಕಾ. ಬೋರ್ಡು ಅದೇ, 965."

"ಕೂಡು. ಚಹಾ ಕುಡಿ. ಹೆಂಗ ಕೂಡ್ರಸೂದು ಅಂತ ತೋರಸ್ತೀನಿ."

ಮನೆಯ ನೆಲದ ಮೇಲೆ ಹಳೆಯ ಸೀರೆ ಹಾಸಿ ಯತಿನ್ ಮಶಿನ್ ಜೋಡಿಸಿದ. ಪ್ರೊಸೆಸರನ್ನು ಬೋರ್ಡಿನ ಗೂಡಿಗೆ ಇಳಿಸುವಾಗ ಉಸಿರು ಹಿಡಿದ. ಅದು ತನ್ನ ಭಾರಕ್ಕೆ ತಾನೇ ಕೂತಿತು, ತೊಟ್ಟಿಲಲ್ಲಿ ಮಗು ಮಲಗಿಸಿದ ಹಾಗೆ. ಅಕ್ಕು ಊದುಬತ್ತಿ ತಂದಳು. ಹೊಗೆ ಬೇಡವೆಂದು ಅವನು ಅಡ್ಡ ಹಾಕಿದ. ಹಾಗಾದರೆ ಕುಂಕುಮವಾದರೂ ಇಡುತ್ತೇನೆಂದು ಅವಳು ಡಬ್ಬದ ಹಣೆಗೆ ಬೊಟ್ಟಿಟ್ಟಳು. ಗುಂಡಿ ಒತ್ತಿದಾಗ ಮಶಿನ್ ಒಮ್ಮೆ ಸಣ್ಣಗೆ ಕೂಗಿ ಎಚ್ಚರವಾಯಿತು. ಒಂದು ಹಳೆಯ ಮದುವೆಯ ಕ್ಯಾಸೆಟ್ಟನ್ನು ಇಳಿಸಿ ನೋಡಿದ. ನೀರು ಬಿದ್ದಾಗಲೇ ವಾದ್ಯ. ಮತ್ತೆ ಮತ್ತೆ ಹಿಂದೆ ತಿರುಗಿಸಿ ನೋಡಿದ. ನೀರು, ವಾದ್ಯ. ನೀರು, ವಾದ್ಯ. ಕರೆಂಟು ಹೋದಾಗ ಇನ್ವರ್ಟರಿನ ಮೇಲೂ ಓಡಿಸಿ ನೋಡಿದ. ಮಶಿನ್ನು, ಮಾನಿಟರು, ಒಂದು ಫ್ಯಾನು, ಮೂರನ್ನೂ ಹೊತ್ತರೂ ಇನ್ವರ್ಟರ್ ಗೊಣಗಲಿಲ್ಲ.

ಇಷ್ಟು ನೋಡಿಕೊಂಡವನು ನೆಂಟರನ್ನು ಮಾತ್ರ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಮದುವೆಗೆಂದು ಉಡುಪಿ ಕಡೆಯಿಂದ ಬಂದ ಹೆಂಗಸರು ಯತಿನನ ಮನೆಯಲ್ಲೇ ಇಳಿದಿದ್ದರು. ಮದುವೆಯ ದಿನ ಬೆಳಗ್ಗೆ ಅವನು ಮಾವನ ಹ್ಯಾಂಡಿಕ್ಯಾಮ್ ಹಿಡಿದು ಮೊದಲೇ ಹಾಲ್‌ಗೆ ಹೋದ. ಅತ್ತ ಕರೆಂಟು ಹೋಯಿತು. ಡೊಂಬಿವಲಿಯ ಸೆಕೆ ಕಂಡರಿಯದ ಆ ಹೆಂಗಸರು ಸೀರೆ ಉಡುವವರೆಗೂ ಮನೆಯ ಎಲ್ಲ ಫ್ಯಾನುಗಳನ್ನು ಇನ್ವರ್ಟರಿನ ಮೇಲೆ ತಿರುಗಿಸಿ, ಟಿವಿಯನ್ನೂ ಹಾಕಿಕೊಂಡು ಬ್ಯಾಟರಿಯನ್ನು ಹೀರಿದ್ದರು. ಹೋಗುವಾಗ ಒಂದು ಫ್ಯಾನನ್ನು ಆರಿಸದೆಯೇ ಹೋಗಿದ್ದರು.

ಹಾಲ್‌ನಲ್ಲಿ ಸೋನಾಲಿಯ ಕೈ ಹುಡುಗನ ಕೈ ಸೇರಿತು, ಮಾವ ಧಾರೆ ಎರೆದ, ವಾದ್ಯ ಮೊಳಗಿತು. ಆಮೇಲೆ ಸೇಸೆ. ಒಬ್ಬೊಬ್ಬರಾಗಿ ಬಂದು ಮದುಮಕ್ಕಳ ತಲೆಗೆ ಅಕ್ಕಿಕಾಳು ಹಾಕುವ ಸಾಲು ಅದು. ಅದರಲ್ಲಿ ಒಬ್ಬರ ಮುಖ ಬಿಟ್ಟುಹೋದರೂ ಮುಂದಿನ ತಲೆಮಾರಿನವರೆಗೆ ಮಾತು ಬಿಟ್ಟರು ಎಂದೇ ಲೆಕ್ಕ. ಯತಿನ್ ಯಾರನ್ನೂ ಬಿಡಲಿಲ್ಲ. ಊಟಕ್ಕೂ ಕೂರದೆ ರಿಕ್ಷಾ ಹಿಡಿದು ಮನೆಗೆ ಓಡಿದ.

ಆಗಷ್ಟೇ ಕರೆಂಟು ಮರಳಿತ್ತು. ಕ್ಯಾಸೆಟ್ ಇಳಿಯಿತು. ಕತ್ತರಿಸಿದ, ಜೋಡಿಸಿದ. ಡಿವಿಡಿ ಮಾಡುವ ಅಪ್ಪಣೆ ಕೊಟ್ಟ. ಇನ್ನು ಮಶಿನ್ ತಾನೇ ಲೆಕ್ಕ ಹಾಕಿ, ತಾನೇ ಡಿಸ್ಕಿನ ಮೇಲೆ ಸುಟ್ಟು ಬರೆದು, ಕೊನೆಗೆ ತಟ್ಟೆಯನ್ನು ಹೊರಗೆ ಚಾಚುತ್ತದೆ. ಆ ಕೆಲಸ ಅರ್ಧ ದಾರಿಗೂ ಬಂದಿರಲಿಲ್ಲ, ಕರೆಂಟು ಹೋಯಿತು.

ಮಶಿನ್ ನಿಲ್ಲಲಿಲ್ಲ. ಆದರೆ ಇನ್ವರ್ಟರ್ ಆಗಲೇ ಟುಂಯ್ ಟುಂಯ್ ಎನ್ನತೊಡಗಿತು. ಬ್ಯಾಟರಿ ತಳ ಕಂಡಾಗ ಅದು ಮಾಡುವ ಸದ್ದು ಅದು. ಊಟ ಮುಗಿಸಿ ಬಂದ ನೆಂಟರು ಬಾಗಿಲಲ್ಲಿ ಸಾಲಾಗಿ ನಿಂತಿದ್ದರು.

"ಬೆಳಗ್ಗೆ ಎಷ್ಟು ಫ್ಯಾನ್ ಹಾಕಿದಿರಿ?" ಯತಿನ್ ಕೇಳಿದ.

"ಎಲ್ಲ" ಎಂದಳು ಹಿರಿಯಳೊಬ್ಬಳು. "ಕರೆಂಟ್ ಇಲ್ಲದಾಗ ಬರುವ ಕರೆಂಟಿಗೆ ಬಿಲ್ ಇಲ್ಲವಂತಲ್ಲ ಮಗಾ?"

ಯತಿನ್ ಬಾಯಿ ತೆರೆದ. ಅಕ್ಕು ಅವನ ಭುಜ ಒತ್ತಿ ಕೂರಿಸಿದಳು. "ಬೈಯುವುದು ಆಮೇಲೆ ಬೈ. ಈಗ ಎಂತ ಆರಿಸಬೇಕು ಹೇಳು."

"ಎಲ್ಲ ಆರಿಸು. ಫ್ಯಾನು, ಲೈಟು, ಎಲ್ಲ."

ಇನ್ನೂ ಟುಂಯ್ ಟುಂಯ್. ಉಳಿದದ್ದು ಮಾನಿಟರ್ ಒಂದೇ. ಹಳೆಯ, ಬೆನ್ನು ಉಬ್ಬಿದ ಮಾನಿಟರು; ಮಶಿನ್ನಿಗಿಂತ ಅದರ ಹೊಟ್ಟೆಯೇ ದೊಡ್ಡದು. ಅದನ್ನು ಆರಿಸಿದರೆ ಕೆಲಸ ಎಲ್ಲಿಗೆ ಬಂತೆಂದು ತಿಳಿಯುವುದಿಲ್ಲ. ಆರಿಸದಿದ್ದರೆ ಕೆಲಸವೇ ಉಳಿಯುವುದಿಲ್ಲ. ಯತಿನ್ ಗುಂಡಿ ಒತ್ತಿದ. ಪರದೆ ಕಪ್ಪಾಯಿತು. ಟುಂಯ್ ಟುಂಯ್ ನಿಂತಿತು.

ಡಬ್ಬದ ಎದೆಯ ಮೇಲಿನ ಕೆಂಪು ಚುಕ್ಕಿಯೊಂದೇ ಮಿಣಮಿಣ ಅನ್ನುತ್ತಿತ್ತು. ಒಳಗಿನ ಸಣ್ಣ ಫ್ಯಾನು ಏದುಸಿರಿಲ್ಲದೆ ಒಂದೇ ಸಮ ತಿರುಗುತ್ತಿತ್ತು. ಲೋಕನಾಥನ ಮಶಿನ್ ಇಂಥ ಹೊತ್ತಿನಲ್ಲಿ ಹಿಟ್ಟಿನ ಗಿರಣಿಯ ಹಾಗೆ ಅರಚುತ್ತಿತ್ತು. ನೆಂಟರು ಮದುವೆಯ ಕಾಗದದಿಂದ ಗಾಳಿ ಬೀಸಿಕೊಳ್ಳುತ್ತ ಗೋಡೆಗೆ ಒರಗಿದರು. ಒಬ್ಬಳು ಮೊಬೈಲ್ ಚಾರ್ಜರ್ ಹಿಡಿದು ಎದ್ದಳು. ಅಕ್ಕು ಸ್ವಿಚ್ಚಿನ ಹಲಗೆಗೆ ಬೆನ್ನು ಕೊಟ್ಟು ನಿಂತಳು. "ನನ್ನನ್ನು ದಾಟಿ ಹೋಗು ನೋಡುವ."

ಸೆಕೆಗೆ ಯತಿನನ ಅಂಗಿ ಬೆನ್ನಿಗೆ ಅಂಟಿತು. ಒಮ್ಮೆ ಮಾನಿಟರಿನ ಗುಂಡಿಯತ್ತ ಬೆರಳು ಹೋಯಿತು. ಒಂದೇ ಒಂದು ಸಲ ನೋಡಿಬಿಡಲೇ? ಬೆರಳನ್ನು ಮಡಚಿ ಮುಷ್ಟಿ ಮಾಡಿಕೊಂಡ. ಮತ್ತೆ ಟುಂಯ್ ಎಂದಿತು. ಸ್ವಲ್ಪ ತಡೆದು ಮತ್ತೊಮ್ಮೆ. ಕೆಂಪು ಚುಕ್ಕಿ ಆರಿತು. ಯತಿನ್ ಡಬ್ಬಕ್ಕೆ ಕಿವಿ ಹಚ್ಚಿದ.

ಆಗ ಮಶಿನ್ ಕರ್ರ್ ಎಂದು ನಾಲಿಗೆ ಚಾಚಿತು. ತಟ್ಟೆಯ ಮೇಲೆ ಡಿವಿಡಿ, ಮುಟ್ಟಿದರೆ ಬೆಚ್ಚಗೆ, ಈಗ ತಾನೇ ಕಾವಲಿಯಿಂದ ಎದ್ದ ದೋಸೆಯ ಹಾಗೆ.

"ಆಯ್ತಾ?" ಅಕ್ಕು ಕೇಳಿದಳು.

"ಆಯ್ತು."

"ಇನ್ನು ಫ್ಯಾನ್ ಹಾಕಬಹುದಾ?"

"ಹಾಕು. ಎಲ್ಲ ಹಾಕು."

ಅಕ್ಕು ಫ್ಯಾನಿನ ಸ್ವಿಚ್ ಒತ್ತಿದಳು. ಇನ್ವರ್ಟರ್ ಕೊನೆಯ ಬಾರಿ ಕಿರುಚಿ ಕಣ್ಣು ಮುಚ್ಚಿತು. ಇಡೀ ಮನೆ ಬೆವರಿನಲ್ಲೇ ಬಿದ್ದು ಬಿದ್ದು ನಕ್ಕಿತು.

ಡೊಂಬಿವಲಿಯಿಂದ ಠಾಣೆ, ಠಾಣೆಯಲ್ಲಿ ಇಳಿದು ವಾಶಿಯ ರೈಲು. ಗರ್ದಿಯಲ್ಲಿ ಯತಿನ್ ಅಂಗಿಯೊಳಗಿನ ಡಿವಿಡಿಯನ್ನು ಎರಡೂ ಕೈಯಿಂದ ಅಪ್ಪಿಕೊಂಡು ನಿಂತದ್ದನ್ನು ಕಂಡು ಪಕ್ಕದವನು ಎದೆನೋವೇ ಎಂದು ವಿಚಾರಿಸಿದ.

ವಾಶಿಯ ಹಾಲ್‌ನ ಬಾಗಿಲಲ್ಲೇ ಲೋಕನಾಥ ಮೊಬೈಲಿನಲ್ಲಿ ಯಾರನ್ನೋ ಬೈಯುತ್ತಿದ್ದ. "ಮತ್ತೆ ಕಲ್ಲಾಯ್ತಾ? ಆಫ್ ಮಾಡಿ ಆನ್ ಮಾಡಿದೆಯಾ?" ಯತಿನನನ್ನು ಕಂಡು ಮಾತು ನುಂಗಿದ. ಯಾರಿಗೂ ಹೇಳದೆ ಅವನೂ ಬೆಳಗಿನ ಕ್ಯಾಸೆಟ್ಟನ್ನು ನೌಪಾಡಾದ ಸ್ಟುಡಿಯೋಕ್ಕೆ ಓಡಿಸಿದ್ದನೆಂದು ಯತಿನನಿಗೆ ಅರ್ಥವಾಯಿತು. ನೆಟ್ಟಗೆ ಒಳಗೆ ನಡೆದ.

ಅಜ್ಜಿ ಮುಂದಿನ ಸಾಲಿನಲ್ಲಿ, ಗಾಲಿಕುರ್ಚಿಯಲ್ಲಿ, ಹಸಿರು ಪಟ್ಟೆ ಸೀರೆಯಲ್ಲಿ. ಸೆರಗಿನ ತುದಿಯಲ್ಲಿ ಸಣ್ಣದೊಂದು ಗಂಟು. "ದಾನೆ ಮಗಾ, ಏನಾಯ್ತು, ತಂದೆಯಾ?" ಎಂದಳು.

"ತಂದೆ ಅಜ್ಜಿ."

ದೀಪ ತಗ್ಗಿತು. ಪರದೆಯ ಮೇಲೆ ಸೋನಾಲಿಯ ಕೈ, ಹುಡುಗನ ಕೈ, ಗಿಂಡಿ ಹಿಡಿದ ಜಯಶೀಲ ಮಾವನ ಬೆರಳು. ನೀರು ಬಿತ್ತು. ಅದೇ ಕ್ಷಣಕ್ಕೆ, ಒಂದು ಕೂದಲೆಳೆಯಷ್ಟೂ ಹಿಂದೆ ಮುಂದೆ ಇಲ್ಲದೆ, ವಾದ್ಯ ಮೊಳಗಿತು.

ಅಜ್ಜಿ ಸೆರಗಿನ ಗಂಟು ಬಿಚ್ಚಿದಳು. ಒಳಗೆ ಸೇಸೆಯ ಅಕ್ಕಿ. ಬೆಳಗ್ಗೆ ಮುಹೂರ್ತದ ಹೊತ್ತಿಗೆ ದೇವರ ಮುಂದೆ ಇಟ್ಟು ತೆಗೆದಿಟ್ಟುಕೊಂಡದ್ದು. ಕುರ್ಚಿಯಿಂದ ಮುಂದಕ್ಕೆ ಬಾಗಿ, ಮುಷ್ಟಿ ತುಂಬ ಎತ್ತಿ, ಪರದೆಯ ಮೇಲಿನ ಮೊಮ್ಮಗಳ ತಲೆಗೆ ಎರಚಿದಳು. ಕಾಳುಗಳು ಪರದೆಗೆ ತಾಗಿ ಚಟಪಟ ಉದುರಿದವು. ವೇದಿಕೆಯ ಮೇಲೆ ನಿಜವಾದ ಸೋನಾಲಿ ಎದ್ದು ನಿಂತು, ತನಗೇ ಬಿದ್ದಂತೆ ತಲೆ ಬಾಗಿಸಿದಳು. ಮತ್ತೆ ಯಾರು ತಡೆಯುತ್ತಾರೆ? ಬೆಳಗ್ಗೆ ಬರಲಾಗದ ವಾಶಿಯವರು, ನೆರೂಳಿನವರು, ಬೆಳಗ್ಗೆ ಹಾಕಿದವರೂ ಎದ್ದು ಬಂದರು. ಹಾಲ್‌ನ ನೆಲವೆಲ್ಲ ಅಕ್ಕಿ. ಸೇಸೆಯ ಸಾಲು ಪರದೆಯ ಮೇಲೆ ಬಂದಾಗ ಒಬ್ಬೊಬ್ಬರಿಗೂ ತಮ್ಮ ಮುಖಕ್ಕೆ ತಾವೇ ಕೈ ತೋರಿಸುವ ಸಂಭ್ರಮ.

"ಇನ್ನೊಮ್ಮೆ ಹಾಕು" ಎಂದಳು ಅಜ್ಜಿ. ಹಾಕಿದ. ಇನ್ನೊಮ್ಮೆಯೂ ನೀರು ಬಿದ್ದಾಗಲೇ ವಾದ್ಯ.

ಜನ ಊಟಕ್ಕೆ ಎದ್ದಾಗ ಲೋಕನಾಥ ಹತ್ತಿರ ಬಂದ. ನೆಲದ ಅಕ್ಕಿಯನ್ನು ಕಾಲ್ಬೆರಳಿನಿಂದ ಗುಡ್ಡೆ ಮಾಡಿದ.

"ಎಷ್ಟು ಗಿಗಾ?"

"ಒಂದು ಪಾಯಿಂಟ್ ಎಂಟು."

"ತಮಾಷೆ ಬೇಡ."

"ತಮಾಷೆ ಅಲ್ಲ. ಮೊದಲು ಬೋರ್ಡ್ ಯಾವುದು ಅಂತ ಕೇಳಿ ಲೋಕಣ್ಣ. ಆಮೇಲೆ ಗಿಗಾ."

ಲೋಕನಾಥ ಸುತ್ತ ನೋಡಿದ. ಪಂಕ್ತಿಯಲ್ಲಿ ಅಂದು ನಕ್ಕವರೆಲ್ಲ ಇಲ್ಲೇ ಇದ್ದರು. ಜಯಶೀಲ ಮಾವ ಕೈಕಟ್ಟಿ ನಿಂತಿದ್ದ. ಕೊಟ್ಟ ಮಾತನ್ನು ಎಲ್ಲಿ ಬಚ್ಚಿಡುವುದು?

"ಈ ಮದುವೆಯ ದೊಡ್ಡ ಡಿವಿಡಿಯ ಕ್ಯಾಸೆಟ್‌ಗಳು ಉಂಟು. ಅವನ್ನೂ, ಮತ್ತೆ ಉಳಿದದ್ದನ್ನೂ..." ಲೋಕನಾಥ ಕೆಮ್ಮಿದ. "ಡೊಂಬಿವಲಿಗೆ ಯಾವಾಗ ತರಲಿ? ನಿಮ್ಮಲ್ಲಿ ಕರೆಂಟ್ ಇರುವ ಹೊತ್ತು ಯಾವುದು ಹೇಳು."

ಯತಿನ್ ಬಾಗಿ, ಅಜ್ಜಿಯ ಕುರ್ಚಿಯ ಗಾಲಿಗೆ ಸಿಕ್ಕಿದ್ದ ಅಕ್ಕಿಕಾಳುಗಳನ್ನು ಬಿಡಿಸುತ್ತಿದ್ದ. ತಲೆ ಎತ್ತಿದ.

"ಕರೆಂಟ್ ಇಲ್ಲದಾಗಲೇ ತನ್ನಿ" ಎಂದ.